ಬೆಂಗಳೂರು ಹೊರವಲಯದ ಹಳೆಯ ವಿಮಾನಗಳು: ಜೀರ್ಣೋದ್ಧಾರ ಮತ್ತು ಸಂರಕ್ಷಣೆ

ಕರ್ನಾಟಕದ ಇತಿಹಾಸ ಸಂಶೋಧನೆಯು ಶಾಸನ, ನಾಣ್ಯ, ದೇವಾಲಯ, ಹಸ್ತಪ್ರತಿಗಳನ್ನು ಆಕರಗಳೆಂದು ಬಹುಕಾಲದಿಂದ ಅಂಗೀಕರಿಸಿದೆ. ಯಂತ್ರಗಳಿಗೆ ಆ ಸ್ಥಾನ ಇನ್ನೂ ದೊರೆತಿಲ್ಲ. ಕೋಲಾರದ ಚಿನ್ನದ ಗಣಿ, ಶಿವನಸಮುದ್ರದ ವಿದ್ಯುದಾಗಾರ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಗಳ ಆಡಳಿತ ಚರಿತ್ರೆಯನ್ನು ನಾವು ಓದಿದ್ದೇವೆ. ಅಲ್ಲಿ ದುಡಿದ ಯಂತ್ರಗಳನ್ನೇ ಆಕರವಾಗಿಟ್ಟುಕೊಂಡು ಬರೆದ ಅಧ್ಯಯನಗಳು ವಿರಳ. ಬೆಂಗಳೂರಿನ ಪೂರ್ವಕ್ಕೆ, ಇಂದು ಮಾರತ್‌ಹಳ್ಳಿ ಮತ್ತು ವೈಟ್‌ಫೀಲ್ಡಿನ ಕಚೇರಿಗಳಿಗೆ ಸಾಗುವ ವಾಹನಗಳಿಂದ ಕಿಕ್ಕಿರಿದ ರಸ್ತೆಯ ಬದಿಯಲ್ಲಿ, ಎಚ್.ಎ.ಎಲ್. ಪರಂಪರಾ ಕೇಂದ್ರದ ಅಂಗಳದಲ್ಲಿ ನಿಂತಿರುವ ವಿಮಾನಗಳು ಇಂತಹ ಆಕರಗಳು. ಅವು ಹೇಗೆ ಉಳಿದವು, ಇಲ್ಲಿಯೇ ಸಿದ್ಧಗೊಂಡ ಇತರ ವಿಮಾನಗಳು ಎಲ್ಲಿಗೆ ಹೋದವು, ಉಳಿದುದರ ಮುಂದಿನ ಗತಿಯೇನು ಎಂಬ ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಚರ್ಚೆಯ ಅನುಕೂಲಕ್ಕಾಗಿ ನಮ್ಮ ಶಾಸನಗಳಿಂದಲೇ ಒಂದು ಪದವನ್ನು ಎತ್ತಿಕೊಳ್ಳಬಹುದು. ದೇವಾಲಯಗಳಿಗೆ ಭೂಮಿ ಬಿಟ್ಟ ಶಾಸನಗಳಲ್ಲಿ ಅಂಗಭೋಗ, ರಂಗಭೋಗಗಳ ಜೊತೆಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಉದ್ದೇಶವೂ ಪದೇ ಪದೇ ಕಾಣಿಸುತ್ತದೆ. ಒಡೆದುದನ್ನು, ಬಿರಿದುದನ್ನು ಸರಿಪಡಿಸಿ ಬಳಕೆಯಲ್ಲಿಡುವುದು ಅದರ ಅರ್ಥ. ತೇರಿನ ಗಾಲಿ ಸವೆದರೆ ಹೊಸ ಗಾಲಿ, ಅಚ್ಚು ಮುರಿದರೆ ಹೊಸ ಅಚ್ಚು. ಆದರೂ ಅದು ಅದೇ ತೇರು, ಮುಂದಿನ ವರ್ಷವೂ ಅದನ್ನೇ ಎಳೆಯಬೇಕು. ಆಧುನಿಕ ವಸ್ತುಸಂಗ್ರಹಾಲಯದ ಸಂರಕ್ಷಣಾ ತತ್ವ ಇದಕ್ಕಿಂತ ಭಿನ್ನವಾದುದು. ಅಲ್ಲಿ ಮೂಲದ್ರವ್ಯಕ್ಕೆ ಪ್ರಾಧಾನ್ಯ, ಬಳಕೆ ನಿಂತ ಮೇಲೆಯೇ ಅದರ ಕೆಲಸ ಆರಂಭ. ಬೆಂಗಳೂರಿನ ಹೊರವಲಯದಲ್ಲಿ ಹಳೆಯ ವಿಮಾನಗಳ ವಿಷಯದಲ್ಲಿ ಸುಮಾರು ಅರುವತ್ತು ವರ್ಷ ನಡೆದದ್ದು ಮೊದಲ ಬಗೆಯ ಕೆಲಸ. ಎರಡನೆಯದು ಬಂದದ್ದು ತೀರ ಈಚೆಗೆ, ಮತ್ತು ಅದು ಬರುವ ಹೊತ್ತಿಗೆ ಮೊದಲನೆಯದು ಸಡಿಲಗೊಂಡಿತ್ತು.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ, ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಅಮೆರಿಕದ ವಿಲಿಯಂ ಪಾಲಿಯವರ ತಾಂತ್ರಿಕ ಸಹಾಯದೊಂದಿಗೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ನೋಂದಾಯಿಸಿದರು. ಆಗ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೈಸೂರು ಸರ್ಕಾರವು 25 ಲಕ್ಷ ರೂಪಾಯಿ ಬಂಡವಾಳವನ್ನೂ ಸುಮಾರು 700 ಎಕರೆ ಭೂಮಿಯನ್ನೂ ಒದಗಿಸಿತು. ಕರಾವಳಿಯಿಂದ ದೂರವಿರುವ ಸ್ಥಳ, ಹದವಾದ ಹವೆ, ವಿದ್ಯುತ್ತಿನ ಸೌಲಭ್ಯ, ಹತ್ತಿರದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ, ಇವೆಲ್ಲ ಈ ಆಯ್ಕೆಗೆ ಅನುಕೂಲವಾಗಿದ್ದವು. ಕಾರ್ಖಾನೆ ಎದ್ದ ಜಾಗ ಅಂದು ನಗರದ ಭಾಗವಾಗಿರಲಿಲ್ಲ. ಕೆರೆ, ಹೊಲ, ತೋಪುಗಳ ನಡುವಿನ ಗ್ರಾಮಾಂತರ ಪ್ರದೇಶವಾಗಿತ್ತು. 1941ರಲ್ಲಿ ಹಾರ್ಲೋ ತರಬೇತಿ ವಿಮಾನವನ್ನೂ 1942ರಲ್ಲಿ ಕರ್ಟಿಸ್ ಹಾಕ್ ಯುದ್ಧವಿಮಾನವನ್ನೂ ಇಲ್ಲಿ ಜೋಡಿಸಿ ಹಾರಿಸಲಾಯಿತು. ಅಷ್ಟರಲ್ಲಿ ಯುದ್ಧ ಬರ್ಮಾದ ಗಡಿಗೆ ಬಂದುದರಿಂದ ನಿರ್ಮಾಣದ ಯೋಜನೆ ಹಿಂದೆ ಸರಿದು ದುರಸ್ತಿಯೇ ಮುಖ್ಯವಾಯಿತು. 1943ರಿಂದ ಯುದ್ಧ ಮುಗಿಯುವವರೆಗೆ ಕಾರ್ಖಾನೆಯು ಅಮೆರಿಕದ ಸೇನಾ ವಾಯುಪಡೆಯ ದುರಸ್ತಿ ಕೇಂದ್ರವಾಗಿ ಕೆಲಸ ಮಾಡಿತು.

ಈ ಅವಧಿಯನ್ನು ಕುರಿತ ಒಂದು ಸಂಗತಿ ಇಂದಿನ ಓದುಗರಿಗೆ ಬೆರಗು ಹುಟ್ಟಿಸಬಹುದು. ದುರಸ್ತಿಗೆ ಬರುತ್ತಿದ್ದವುಗಳಲ್ಲಿ ಕ್ಯಾಟಲೀನಾ ಎಂಬ ನೀರಿನ ಮೇಲಿಳಿಯುವ ವಿಮಾನಗಳೂ ಇದ್ದವು. ಅವು ಇಳಿದದ್ದು ಬೆಳ್ಳಂದೂರು ಕೆರೆಯಲ್ಲಿ. ಸಮುದ್ರದಿಂದ ನೂರಾರು ಮೈಲಿ ದೂರದ, ಮೂರು ಸಾವಿರ ಅಡಿ ಎತ್ತರದ ಪ್ರಸ್ಥಭೂಮಿಯಲ್ಲಿ, ರೈತರು ತೂಬೆತ್ತಿ ಗದ್ದೆಗೆ ನೀರು ಹರಿಸುತ್ತಿದ್ದ ಕೆರೆಯೊಂದು ಯುದ್ಧಕಾಲದ ವಿಮಾನ ನಿಲ್ದಾಣವಾಯಿತು. 2015 ಮತ್ತು 2017ರಲ್ಲಿ ಇದೇ ಕೆರೆ ನೊರೆ ಹಾಗೂ ಬೆಂಕಿಯ ಕಾರಣದಿಂದ ದೇಶದ ಗಮನ ಸೆಳೆದಾಗ ಈ ಹಳೆಯ ಅಧ್ಯಾಯವನ್ನು ನೆನೆದವರು ಕಡಿಮೆ.

ಯುದ್ಧ ಮುಗಿದಾಗ ಕಾರ್ಖಾನೆಗೆ ಕೆಲಸದ ಕೊರತೆ ಉಂಟಾಯಿತು. ರೈಲ್ವೆ ಬೋಗಿಗಳು, ಬಸ್ಸಿನ ಒಡಲುಗಳನ್ನು ಮಾಡಿ ಸಾವಿರಾರು ಕೈಗಳನ್ನು ಉಳಿಸಿಕೊಳ್ಳಲಾಯಿತು. (1964ರಲ್ಲಿ ಸ್ಥಾಪನೆಗೊಂಡ ಬಿ.ಇ.ಎಂ.ಎಲ್. ಸಂಸ್ಥೆಯ ರೈಲ್ವೆ ವಿಭಾಗದ ಮೂಲ ಈ ಬೋಗಿಗಳಲ್ಲಿದೆ.) ಜೊತೆಜೊತೆಗೆ, ಯುದ್ಧದಲ್ಲಿ ಬಳಕೆಯಾಗಿ ಮಿಗುತಾಯವಾಗಿದ್ದ ಡಕೋಟಾ ವಿಮಾನಗಳನ್ನು ನಾಗರಿಕ ಸಾರಿಗೆಗೂ ವಾಯುಪಡೆಗೂ ಸಿದ್ಧಪಡಿಸುವ ಕೆಲಸ ಬಂತು. ಹೊಸದನ್ನು ಕಟ್ಟುವ ಮೊದಲು ಹಳೆಯದನ್ನು ಬಿಚ್ಚಿ ನೋಡಿ ಕಲಿತ ಕಾರ್ಖಾನೆ ಇದು. ಬೆಂಗಳೂರಿನ ವಿಮಾನೋದ್ಯಮದ ಚರಿತ್ರೆಯನ್ನು ಹೊಸ ವಿನ್ಯಾಸಗಳ ಸಾಲಾಗಿ ಮಾತ್ರ ಬರೆಯುವ ರೂಢಿಯಲ್ಲಿ ಈ ಅಂಶ ಮರೆಯಾಗುತ್ತದೆ.

ದುರಸ್ತಿಯ ಈ ಪರಂಪರೆಯ ಶಿಖರವೆಂದರೆ ಲಿಬರೇಟರ್ ಪ್ರಕರಣ. ಬಿ-24 ಲಿಬರೇಟರ್ ನಾಲ್ಕು ಎಂಜಿನುಗಳ ಅಮೆರಿಕನ್ ಬಾಂಬರ್. ರೆಕ್ಕೆಯ ಹರವು 110 ಅಡಿ. ಯುದ್ಧಕಾಲದಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ತಯಾರಾದವು. ಲೆಂಡ್-ಲೀಸ್ ಒಪ್ಪಂದದ ಮೇಲೆ ಬ್ರಿಟನ್ನಿಗೆ ಬಂದಿದ್ದ ಇಂತಹ ಅನೇಕ ವಿಮಾನಗಳು ಯುದ್ಧ ಮುಗಿದಾಗ ಕಾನ್ಪುರದ ಬಳಿಯ ನೆಲೆಯಲ್ಲಿ ಸೇರಿದ್ದವು. ಅವು ಮತ್ತೆ ಯಾರ ಉಪಯೋಗಕ್ಕೂ ಬಾರದಂತೆ ಬ್ರಿಟಿಷರು ಅವನ್ನು ಕೆಡಿಸಿ ಬಿಟ್ಟುಹೋದರು. ಉಪಕರಣಗಳನ್ನು ಒಡೆದು, ಎಂಜಿನುಗಳಿಗೆ ಮರಳು ಸುರಿದು, ಒಡಲುಗಳಿಗೆ ಪೆಟ್ಟುಕೊಟ್ಟು ಅವನ್ನು ಗುಜರಿಯಾಗಿಸಲಾಗಿತ್ತು.

1947ರ ಅನಂತರ ಭಾರತೀಯ ವಾಯುಪಡೆಗೆ ಭಾರೀ ಬಾಂಬರುಗಳು ಬೇಕಾಗಿದ್ದವು. ಹೊರಗಿನಿಂದ ಕೊಳ್ಳುವುದು ಸುಲಭವಿರಲಿಲ್ಲ. ಆ ಗುಜರಿಯನ್ನು ಎಬ್ಬಿಸಬಹುದೇ ಎಂಬ ಪ್ರಶ್ನೆಯನ್ನು ಎಚ್.ಎ.ಎಲ್. ಮುಂದಿಡಲಾಯಿತು. ಬೆಂಗಳೂರಿನ ಕೆಲಸಗಾರರು ಕಾನ್ಪುರಕ್ಕೆ ಹೋಗಿ, ಒಂದರ ಭಾಗವನ್ನು ಇನ್ನೊಂದಕ್ಕೆ ಕೂಡಿಸಿ, ಒಂದೇ ಒಂದು ಹಾರಾಟವನ್ನು ತಾಳಿಕೊಳ್ಳುವಷ್ಟರ ಮಟ್ಟಿಗೆ ಪ್ರತಿ ವಿಮಾನವನ್ನೂ ಕಟ್ಟಿ ನಿಲ್ಲಿಸಿದರು. ಎಚ್.ಎ.ಎಲ್. ಮುಖ್ಯ ಪರೀಕ್ಷಾ ಪೈಲಟ್ ಜಮ್‌ಷೆಡ್ ಮುನ್ಷಿಯವರು ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಹೀಗೆ ಬಂದವು ಸುಮಾರು 40. ಇಲ್ಲಿ ಅವನ್ನು ಪೂರ್ಣವಾಗಿ ಬಿಚ್ಚಿ ಮರುಜೋಡಿಸಿ ವಾಯುಪಡೆಗೆ ಒಪ್ಪಿಸಲಾಯಿತು. 1948ರ ನವೆಂಬರಿನಲ್ಲಿ ಈ ವಿಮಾನಗಳೊಂದಿಗೆ 5ನೆಯ ಸ್ಕ್ವಾಡ್ರನ್ ಆರಂಭವಾಯಿತು. 1951ರಲ್ಲಿ 6ನೆಯ ಸ್ಕ್ವಾಡ್ರನ್ ಬಂತು.

ಅಮೆರಿಕದಲ್ಲಿ ಲಿಬರೇಟರುಗಳು ಸಾಲುಸಾಲಾಗಿ ಕುಲುಮೆ ಸೇರಿದ ವರ್ಷಗಳಲ್ಲಿ ಭಾರತದಲ್ಲಿ ಅವು ಕಡಲ ಕಾವಲಿನಲ್ಲಿ ಹಾರುತ್ತಲೇ ಇದ್ದವು. 1968ರ ಕೊನೆಗೆ ಅವು ನಿವೃತ್ತವಾದಾಗ ಲೋಕದ ವಸ್ತುಸಂಗ್ರಹಾಲಯಗಳು ಭಾರತದ ಕಡೆ ತಿರುಗಿ ನೋಡಿದವು. ಒಂದು ಕೆನಡಾಕ್ಕೆ ಹೋಯಿತು. ಇನ್ನೊಂದು 1969ರಲ್ಲಿ ಅಮೆರಿಕದ ಅರಿಝೋನಾದಲ್ಲಿರುವ ಪೀಮಾ ಸಂಗ್ರಹಾಲಯಕ್ಕೆ ಇಲ್ಲಿಂದ ಹಾರಿಕೊಂಡೇ ಹೋಯಿತು. 1974ರಲ್ಲಿ ಮತ್ತೊಂದು ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಸಂಗ್ರಹಾಲಯಕ್ಕೆ ಸಂದಿತು; ಕೆಡಿಸಿ ಬಿಟ್ಟುಹೋದವರೇ ಅದನ್ನು ಕೇಳಿ ಪಡೆದರೆಂಬುದು ಇತಿಹಾಸದ ಒಂದು ವ್ಯಂಗ್ಯ. ಖಾಸಗಿ ಸಂಗ್ರಾಹಕರ ಮೂಲಕ ಅಮೆರಿಕಕ್ಕೆ ಹೋದ ಎರಡರಲ್ಲಿ ಒಂದನ್ನು ಕಾಲಿಂಗ್ಸ್ ಪ್ರತಿಷ್ಠಾನವು ನವೀಕರಿಸಿ 1989ರಲ್ಲಿ ಮತ್ತೆ ಹಾರಿಸಿತು. ಒಂದು ದೆಹಲಿಯ ಪಾಲಂನಲ್ಲಿರುವ ವಾಯುಪಡೆ ಸಂಗ್ರಹಾಲಯದಲ್ಲಿ ಉಳಿಯಿತು. ಹೀಗೆ ಒಟ್ಟು ಆರು. ಜಗತ್ತಿನಲ್ಲಿ ಪೂರ್ಣರೂಪದಲ್ಲಿ ಉಳಿದಿರುವ ಲಿಬರೇಟರುಗಳು ಬೆರಳೆಣಿಕೆಯಷ್ಟೇ ಇರುವಾಗ ಈ ಆರರ ಮಹತ್ವ ಹೇಳದೆಯೂ ತಿಳಿಯುವಂತಹುದು. ಅವುಗಳನ್ನು ಉಳಿಸಿದ ಮೊದಲ ಕೈಗಳು ಇಲ್ಲಿನವು. ಆದರೆ ಆರರಲ್ಲಿ ಒಂದೂ ಬೆಂಗಳೂರಿನಲ್ಲಿಲ್ಲ.

ಇಲ್ಲಿ ಸಂರಕ್ಷಣಾ ಶಾಸ್ತ್ರದ ತೊಡಕೊಂದು ಎದುರಾಗುತ್ತದೆ. ಹಲವು ವಿಮಾನಗಳ ಅವಯವಗಳಿಂದ ಕೂಡಿಸಿದ ಲಿಬರೇಟರ್ ಒಂದು ಮೂಲ ವಿಮಾನವೇ? ವಿದೇಶಗಳ ನವೀಕರಣಕಾರರು ಅವುಗಳಿಗೆ ಸಾಮಾನ್ಯವಾಗಿ ಯುದ್ಧಕಾಲದ ಅಮೆರಿಕನ್ ಅಥವಾ ಬ್ರಿಟಿಷ್ ಗುರುತುಗಳನ್ನು ಬಳಿದಿದ್ದಾರೆ. ಭಾರತದಲ್ಲಿ ಕಳೆದ ಇಪ್ಪತ್ತು ವರ್ಷಗಳನ್ನು ಬಣ್ಣದ ಒಂದು ಪದರ ಮುಚ್ಚಿಹಾಕಿದೆ. ವಸ್ತುವಿನ ಜೀವನದಲ್ಲಿ ಯಾವ ಘಟ್ಟವನ್ನು ‘ನಿಜ’ವೆಂದು ಆರಿಸಬೇಕೆಂಬುದು ದೇವಾಲಯಗಳ ವಿಷಯದಲ್ಲಿ ನಮಗೆ ಪರಿಚಿತವಾದ ವಿವಾದವೇ. ಹೊಯ್ಸಳ ಗುಡಿಗೆ ವಿಜಯನಗರ ಕಾಲದಲ್ಲಿ ಸೇರಿದ ಮಂಟಪವನ್ನು ಯಾರೂ ಕೀಳಿಸುವುದಿಲ್ಲ. ಅದೇ ನ್ಯಾಯವನ್ನು ವಿಮಾನಗಳಿಗೂ ಅನ್ವಯಿಸಿದರೆ ಬೆಂಗಳೂರಿನಲ್ಲಿ ಬಡಿದ ಪ್ರತಿಯೊಂದು ರಿವೆಟ್ಟೂ ಆಕರವಾಗುತ್ತದೆ ಎಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

ಇನ್ನು ಇಲ್ಲಿಯೇ ರೂಪುಗೊಂಡ ವಿಮಾನಗಳತ್ತ ತಿರುಗಬಹುದು. ಗಟ್ಟಿಂಗೆನ್ನಿನಲ್ಲಿ ಪ್ರಾಂಟಲ್ ಅವರ ಬಳಿ ಅಧ್ಯಯನ ಮಾಡಿ ಬಂದಿದ್ದ ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ವಿನ್ಯಾಸಗೊಂಡ ಎಚ್.ಟಿ.-2, 1951ರ ಆಗಸ್ಟಿನಲ್ಲಿ ಮೊದಲು ಹಾರಿತು. ಹಾರಿಸಿದವರು ಅದೇ ಮುನ್ಷಿ. ಒಂದರ ಹಿಂದೊಂದು ಎರಡು ಆಸನಗಳ, ಪೂರ್ಣ ಲೋಹದ ಈ ತರಬೇತಿ ವಿಮಾನಗಳು ಸುಮಾರು 170 ತಯಾರಾದವು. ಘಾನಾ ದೇಶಕ್ಕೂ ಹನ್ನೆರಡು ಹೋದವು. 1958ರ ಸೆಪ್ಟೆಂಬರಿನಲ್ಲಿ ಹಾರಿದ ಪುಷ್ಪಕ್ ಇದಕ್ಕಿಂತ ಸರಳವಾದುದು. ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಚೌಕಟ್ಟಿಗೆ ಬಟ್ಟೆ ಹೊದಿಸಿದ, 90 ಅಶ್ವಶಕ್ತಿಯ, ಇಬ್ಬರು ಅಕ್ಕಪಕ್ಕ ಕೂರುವ ವಿಮಾನ. ದೇಶದ ಹಾರಾಟ ಕ್ಲಬ್ಬುಗಳ ಒಂದು ತಲೆಮಾರು ಕಲಿತದ್ದು ಇದರಲ್ಲಿಯೇ.

ಇವೆರಡನ್ನು ಹೋಲಿಸಿದರೆ ಸಂರಕ್ಷಣೆಯ ಕಷ್ಟಗಳು ಸ್ಪಷ್ಟವಾಗುತ್ತವೆ. ಎಚ್.ಟಿ.-2ರ ಲೋಹದ ಒಡಲು ಹಲವು ದಶಕ ಬಾಳಬಲ್ಲದು. ಅದರ ದೌರ್ಬಲ್ಯವಿರುವುದು ಎಂಜಿನಿನಲ್ಲಿ. 155 ಅಶ್ವಶಕ್ತಿಯ ಬ್ರಿಟಿಷ್ ಸಿರಸ್ ಮೇಜರ್ ಎಂಜಿನಿನ ತಯಾರಿಕೆಯೇ ನಿಂತುಹೋದ ಮೇಲೆ ಬಿಡಿಭಾಗಗಳಿಗಾಗಿ ಒಂದು ವಿಮಾನವನ್ನು ಬಲಿಕೊಟ್ಟು ಇನ್ನೊಂದನ್ನು ಹಾರಿಸಬೇಕಾಯಿತು. ಪುಷ್ಪಕದ ಎಂಜಿನಾದರೋ ಲೋಕಪ್ರಸಿದ್ಧ ಕಾಂಟಿನೆಂಟಲ್. ಬಿಡಿಭಾಗಗಳ ಕೊರತೆ ಅಷ್ಟಿಲ್ಲ. ಅದರ ಕಷ್ಟ ಒಡಲಿನದು. ಹೊದಿಸಿದ ಬಟ್ಟೆ ಬಿಸಿಲಿಗೆ ಸತ್ವ ಕಳೆದುಕೊಳ್ಳುತ್ತದೆ, ಕಾಲಕಾಲಕ್ಕೆ ಬಿಚ್ಚಿ ಹೊಸದಾಗಿ ಹೊದಿಸಿ ಅರಗಿನಂತಹ ಲೇಪ ಕೊಡಬೇಕು. ಕೊಳವೆಗಳ ಒಳಗಿನ ತುಕ್ಕು ಹೊರಗೆ ಕಾಣುವುದಿಲ್ಲ. ಹಾರಾಡುವ ಪುಷ್ಪಕದಲ್ಲಿ ಈ ಕೆಲಸ ತಪ್ಪದೆ ನಡೆಯುತ್ತದೆ, ಏಕೆಂದರೆ ತಪ್ಪಿದರೆ ಜೀವಕ್ಕೆ ಅಪಾಯ. ಹಾರಾಟ ನಿಲ್ಲಿಸಿ ಹ್ಯಾಂಗರಿನ ಮೂಲೆ ಸೇರಿದ ಮರುವರ್ಷದಿಂದಲೇ ಅದರ ಅವನತಿ ಆರಂಭ.

ಪುಷ್ಪಕದ ಮಾತು ಬಂದಾಗ ಜಕ್ಕೂರನ್ನು ನೆನೆಯಲೇಬೇಕು. ನಗರದ ಉತ್ತರಕ್ಕೆ, ಯಲಹಂಕದ ದಾರಿಯಲ್ಲಿ, ಜಯಚಾಮರಾಜೇಂದ್ರ ಒಡೆಯರ್ ಅವರ ಕಾಲದಲ್ಲಿ, 1940ರ ದಶಕದ ಕೊನೆಗೆ ಸ್ಥಾಪಿತವಾದ ಈ ಕಿರು ವಿಮಾನ ನಿಲ್ದಾಣವು ಇನ್ನೂರು ಎಕರೆಗಿಂತ ಸ್ವಲ್ಪ ಹೆಚ್ಚಿನದು. ಸರ್ಕಾರಿ ವಿಮಾನ ಚಾಲನಾ ತರಬೇತಿ ಶಾಲೆ ಇಲ್ಲಿಯೇ ಇದೆ, ಎನ್.ಸಿ.ಸಿ. ವಾಯುದಳದ ವಿದ್ಯಾರ್ಥಿಗಳೂ ಇಲ್ಲಿ ಕಲಿತಿದ್ದಾರೆ. ಬೃಹತ್ ಕಾರ್ಖಾನೆಯ ನೆರಳಿಲ್ಲದ, ಕೆಲವೇ ಮೆಕ್ಯಾನಿಕರ ಶ್ರಮದಿಂದ ನಡೆಯುವ ಇಂತಹ ಕಿರು ನಿಲ್ದಾಣಗಳಲ್ಲಿ ಹಳೆಯ ಹಗುರ ವಿಮಾನಗಳು ಹೆಚ್ಚು ಕಾಲ ಬದುಕುವುದು ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಕಂಡುಬಂದ ಸಂಗತಿ. ಅದಕ್ಕೆ ಬೇಕಾದದ್ದು ಓಡುದಾರಿ, ಹ್ಯಾಂಗರು ಮತ್ತು ನಿರಂತರವಾದ ಬಳಕೆ. ಜಕ್ಕೂರಿನಲ್ಲಿ ಈ ಮೂರಕ್ಕೂ ಬೇರೆ ಬೇರೆ ಕಾಲದಲ್ಲಿ ಧಕ್ಕೆ ಬಂದಿದೆ. 2008ರಲ್ಲಿ ದೇವನಹಳ್ಳಿಯ ನಿಲ್ದಾಣ ಆರಂಭವಾದ ಮೇಲೆ ಬಳ್ಳಾರಿ ರಸ್ತೆಯಲ್ಲಿ ಎದ್ದ ಎತ್ತರದ ಹೆದ್ದಾರಿ ಓಡುದಾರಿಯ ತುದಿಗೆ ತೀರ ಸಮೀಪವಾಗಿ ಬಂದು, ಎಷ್ಟು ಉದ್ದವನ್ನು ಸುರಕ್ಷಿತವಾಗಿ ಬಳಸಬಹುದೆಂಬ ಪ್ರಶ್ನೆಯನ್ನು ಎಬ್ಬಿಸಿತು. ನಗರ ಹಬ್ಬಿದಂತೆ ಇನ್ನೂರು ಎಕರೆ ಬಯಲು ಬೇರೆ ಕಣ್ಣುಗಳಿಗೆ ಬೇರೆಯಾಗಿಯೇ ಕಾಣುತ್ತದೆ.

ಎಚ್.ಎಫ್.-24 ಮಾರುತ್‌ನ ಕಥೆ ಹೆಚ್ಚು ಪ್ರಸಿದ್ಧವಾದುದರಿಂದ ಅದನ್ನು ವಿಸ್ತರಿಸುವ ಅಗತ್ಯವಿಲ್ಲ. ಜರ್ಮನಿಯ ಕುರ್ಟ್ ಟಾಂಕ್ ಅವರು 1956ರಲ್ಲಿ ಬೆಂಗಳೂರಿಗೆ ಬಂದು ವಿನ್ಯಾಸಗೊಳಿಸಿದ ಈ ಯುದ್ಧವಿಮಾನ 1961ರ ಜೂನ್ 17ರಂದು ಸುರಂಜನ್ ದಾಸ್ ಅವರ ಚಾಲನೆಯಲ್ಲಿ ಹಾರಿತು. 147 ವಿಮಾನಗಳು ತಯಾರಾದವು, 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹೋರಾಡಿದವು, 1990ರಲ್ಲಿ ಸೇವೆಯಿಂದ ನಿವೃತ್ತವಾದವು. ಇದಕ್ಕೂ ಮೊದಲು ಅದೇ ಅಳತೆಯ ಮರದ ಗ್ಲೈಡರ್ ಒಂದನ್ನು ಮಾಡಿ, ಡಕೋಟಾದಿಂದ ಎಳೆಸಿ ಮೇಲೇರಿಸಿ, 1959ರಿಂದ 78 ಬಾರಿ ಹಾರಿಸಿ ಪರೀಕ್ಷಿಸಲಾಗಿತ್ತೆಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. 1970ರ ಜನವರಿ 10ರಂದು ಮಾರುತ್‌ನ ಸುಧಾರಿತ ಮಾದರಿಯೊಂದರ ಅಪಘಾತದಲ್ಲಿ ಮಡಿದ ದಾಸ್ ಅವರ ಹೆಸರು ಹಳೇ ಮದ್ರಾಸು ರಸ್ತೆಯಿಂದ ವಿಮಾನ ನಿಲ್ದಾಣದ ಕಡೆಗೆ ಹೋಗುವ ದಾರಿಗಿದೆ. ಈ ವಿಮಾನದಿಂದಲೇ ಮಾರತ್‌ಹಳ್ಳಿಗೆ ಆ ಹೆಸರು ಬಂತೆಂಬ ಪ್ರತೀತಿಯೂ ಇದೆ. ಹಳ್ಳಿ ವಿಮಾನಕ್ಕಿಂತ ಬಹು ಹಳೆಯದು. ಆದ್ದರಿಂದ ಈ ನಿರುಕ್ತಿಯನ್ನು ಒಪ್ಪುವಂತಿಲ್ಲ. ಆದರೂ ವಿಮಾನವೊಂದು ಸ್ಥಳನಾಮದ ಕಥೆಯೊಳಗೆ ಹೊಕ್ಕಷ್ಟು ಜನಮನದಲ್ಲಿ ನೆಲೆಸಿತೆಂಬುದಕ್ಕೆ ಈ ಪ್ರತೀತಿಯೇ ಸಾಕ್ಷಿ.

ನಿವೃತ್ತವಾದ ಮಾರುತ್‌ಗಳು ಹಲವು ಕಡೆ ಹಂಚಿಹೋದವು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಆವರಣದಲ್ಲಿ ಒಂದು, ಮ್ಯೂನಿಕ್ ಬಳಿಯ ಶ್ಲೈಸ್‌ಹೈಮ್‌ನ ವಿಮಾನ ಸಂಗ್ರಹಾಲಯದಲ್ಲಿ ಒಂದು. 2001ರಲ್ಲಿ ಎಚ್.ಎ.ಎಲ್. ತನ್ನ ಪರಂಪರಾ ಕೇಂದ್ರ ಹಾಗೂ ವೈಮಾನಿಕ ವಸ್ತುಸಂಗ್ರಹಾಲಯವನ್ನು ತೆರೆದಾಗ ಮಾರುತ್, ಎಚ್.ಟಿ.-2, ಪುಷ್ಪಕ್, ಕಿರಣ್, ಅಜೀತ್ ಮುಂತಾದವು ಒಂದೆಡೆ ಸೇರಿದವು. ಚಿತ್ರಗಳೂ ಎಂಜಿನುಗಳೂ ಒಳಾಂಗಣದಲ್ಲಿ, ವಿಮಾನಗಳು ಬಹುಮಟ್ಟಿಗೆ ಬಯಲಿನಲ್ಲಿ. ಸಾರ್ವಜನಿಕರಿಗೆ, ವಿಶೇಷವಾಗಿ ಶಾಲಾಮಕ್ಕಳಿಗೆ, ಇದರಿಂದಾದ ಉಪಕಾರ ದೊಡ್ಡದು. ಆದರೆ ಬಯಲಿನಲ್ಲಿ ನಿಂತ ವಿಮಾನದ ಮೇಲೆ ನಮ್ಮ ಹವೆ ಮಾಡುವ ಕೆಲಸವನ್ನು ಉಪೇಕ್ಷಿಸುವಂತಿಲ್ಲ. ಬೇಸಗೆಯ ಬಿಸಿಲಿಗೆ ಬಣ್ಣ ಪುಡಿಯಾಗುತ್ತದೆ, ಚಾಲಕನ ಕೋಣೆಯ ಪಾರದರ್ಶಕ ಮುಚ್ಚಳದಲ್ಲಿ ಕೂದಲೆಳೆಯ ಬಿರುಕುಗಳು ಮೂಡುತ್ತವೆ. ಎರಡು ಮುಂಗಾರುಗಳ ನೀರು ತಗಡುಗಳ ಬೆಸುಗೆಯ ಸಂದುಗಳಲ್ಲಿ ನಿಂತು, ಅಲ್ಯೂಮಿನಿಯಮ್ಮಿಗೆ ಉಕ್ಕು ತಗಲುವಲ್ಲೆಲ್ಲ ಕೊರೆತ ಹುಟ್ಟಿಸುತ್ತದೆ. ಟೈರುಗಳ ಮೇಲೆ ಭಾರ ನಿಂತೇ ಇದ್ದರೆ ರಬ್ಬರು ಸೀಳುತ್ತದೆ. ಪೀಮಾದ ಮರುಭೂಮಿಯಲ್ಲಿ ಹೊರಗೆ ನಿಂತ ವಿಮಾನಕ್ಕೂ ಬೆಂಗಳೂರಿನಲ್ಲಿ ಹೊರಗೆ ನಿಂತ ವಿಮಾನಕ್ಕೂ ಆಯುಸ್ಸು ಒಂದೇ ಅಲ್ಲ. ಬಣ್ಣ ಬಳಿಯುವುದು ಸಂರಕ್ಷಣೆಯ ಒಂದು ಅಂಶ ಮಾತ್ರ. ಮಾಡು ಹೊದಿಸುವುದು ಅದಕ್ಕಿಂತ ಮೊದಲಿನದು.

ಕಾನೂನಿನ ರಕ್ಷಣೆಯ ವಿಚಾರವೂ ಇದೆ. 1972ರ ಪುರಾತನ ವಸ್ತುಗಳು ಹಾಗೂ ಕಲಾನಿಧಿಗಳ ಅಧಿನಿಯಮವು ವಸ್ತುವೊಂದನ್ನು ಪುರಾತನವೆಂದು ಪರಿಗಣಿಸಲು ನೂರು ವರ್ಷಗಳ ಆಯುಸ್ಸನ್ನು ಕೇಳುತ್ತದೆ. ಹಸ್ತಪ್ರತಿಗಳಿಗೆ ಮಾತ್ರ ಎಪ್ಪತ್ತೈದು. ಇದರ ಪ್ರಕಾರ ಮೊದಲ ಎಚ್.ಟಿ.-2 ಪುರಾತನವಾಗುವುದು 2051ರಲ್ಲಿ, ಮೊದಲ ಮಾರುತ್ 2061ರಲ್ಲಿ. ಶಿಲೆಯ ವಿಷಯದಲ್ಲಿ ನೂರು ವರ್ಷ ಕಾಯಬಹುದು. ಬಟ್ಟೆ, ರಬ್ಬರು, ತೆಳು ತಗಡುಗಳಿಂದಾದ ವಸ್ತು ಅಷ್ಟು ಕಾಲ ಕಾಯುವುದಿಲ್ಲ, ಅದನ್ನು ಕಾಯಿಸಲು ಕಾರ್ಯಾಗಾರ ಬೇಕು. ಅಷ್ಟರವರೆಗೆ ಇವು ಕಡತಗಳಲ್ಲಿ ಸೇವೆಯಿಂದ ತೆಗೆದ ಸರಕಷ್ಟೇ. ಹಸ್ತಪ್ರತಿಗಳಿಗೆ ತೋರಿದ ರಿಯಾಯಿತಿಯಂತೆ ಕೈಗಾರಿಕಾ ವಸ್ತುಗಳಿಗೂ ಪ್ರತ್ಯೇಕ ಅವಧಿಯನ್ನು ಗೊತ್ತುಪಡಿಸುವ ಬಗ್ಗೆ ವಿದ್ವಾಂಸರು ಯೋಚಿಸಬೇಕಾಗಿದೆ.

ಹಳೆಯ ವಿಮಾನವನ್ನು ಮತ್ತೆ ಹಾರಿಸುವ ಆಸಕ್ತಿ ದೇಶದಲ್ಲಿ ಈಚೆಗೆ ಚಿಗುರಿದೆ. ಕರ್ನಾಟಕದಿಂದ ರಾಜ್ಯಸಭೆಯ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅವರು, ಡಕೋಟಾ ಪೈಲಟ್ ಆಗಿದ್ದ ತಮ್ಮ ತಂದೆಯವರ ಗೌರವಾರ್ಥ ಡಕೋಟಾ ಒಂದನ್ನು ಕೊಂಡು ನವೀಕರಿಸಿ ವಾಯುಪಡೆಗೆ ಕೊಡುಗೆಯಾಗಿತ್ತರು. ‘ಪರಶುರಾಮ’ ಎಂಬ ಹೆಸರಿನ ಆ ವಿಮಾನ 2018ರಲ್ಲಿ ಭಾರತಕ್ಕೆ ಹಾರಿಬಂತು. 1947ರ ಅಕ್ಟೋಬರಿನಲ್ಲಿ ಶ್ರೀನಗರಕ್ಕೆ ಸೈನಿಕರನ್ನು ಒಯ್ದ ಡಕೋಟಾದ ವಿ.ಪಿ. 905 ಎಂಬ ಸಂಖ್ಯೆಯನ್ನು ಅದರ ಬಾಲಕ್ಕೆ ಬರೆಯಲಾಗಿದೆ. ವಿಮಾನ ಬೇರೆ, ಸ್ಮರಣೆ ಅದೇ. ಆದರೆ ನವೀಕರಣ ನಡೆದದ್ದು ಬ್ರಿಟನ್ನಿನ ಕವೆಂಟ್ರಿಯಲ್ಲಿ. ಒಂದು ಕಾಲಕ್ಕೆ ಡಕೋಟಾಗಳನ್ನು ಸಾಲಾಗಿ ನಿಲ್ಲಿಸಿ ಸಜ್ಜುಗೊಳಿಸುತ್ತಿದ್ದ ಊರಿನಲ್ಲಿ ಆ ಕೌಶಲ ಇಂದು ವ್ಯಾಪಾರವಾಗಿ ಉಳಿದಿಲ್ಲವೆಂಬುದನ್ನು ಇದು ಸೂಚಿಸುತ್ತದೆ. ಇಲ್ಲಿನ ಕಾರ್ಯಾಗಾರಗಳು ಹೊಸ ಕಾಲದ ವಿಮಾನಗಳತ್ತ ಸಾಗಿದ್ದು ಸಹಜವೇ, ದೂಷಿಸುವಂತಹುದಲ್ಲ.

ಯಂತ್ರಗಳಷ್ಟೇ ಮುಖ್ಯವಾದುದು ಅವುಗಳ ಕಾಗದ. ಪ್ರತಿ ವಿಮಾನದ ಒಡಲಿಗೂ ಎಂಜಿನಿಗೂ ಬೇರೆ ಬೇರೆ ಲಾಗ್ ಪುಸ್ತಕವಿರುತ್ತದೆ. ಹಾರಿದ ಗಂಟೆಗಳು, ಬದಲಿಸಿದ ಭಾಗಗಳು, ಪರಿಶೀಲಿಸಿದವರ ರುಜು ಅದರಲ್ಲಿ ದಾಖಲಾಗುತ್ತವೆ. ವಿಮಾನ ಕಂಬವೇರಿ ವೃತ್ತದ ಅಲಂಕಾರವಾದಾಗ ಈ ಪುಸ್ತಕ ಅದರಿಂದ ಅಗಲುತ್ತದೆ. ತಾಮ್ರಪಟವನ್ನು ಕಳೆದುಕೊಂಡ ಅಗ್ರಹಾರದ ಸ್ಥಿತಿ ಅದರದು. 1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮವು ಕೇಂದ್ರದ ಅಧೀನದ ನಿಗಮಗಳ ದಾಖಲೆಗಳನ್ನೂ ಒಳಗೊಳ್ಳುವುದರಿಂದ ಈ ಪುಸ್ತಕಗಳನ್ನು ಗುರುತಿಸಿ ಪಟ್ಟಿಮಾಡುವುದಕ್ಕೆ ಹೊಸ ಕಾನೂನಿನ ಅಗತ್ಯವಿಲ್ಲ. ಜಕ್ಕೂರಿನ ತರಬೇತಿ ಶಾಲೆಯ ಕಡತಗಳು ರಾಜ್ಯ ಸರ್ಕಾರದವು. ಅವುಗಳನ್ನು ಕರ್ನಾಟಕ ರಾಜ್ಯ ಪತ್ರಾಗಾರದ ಮೂಲಕ ಪರಿಶೀಲಿಸಬಹುದಾಗಿದೆ.

ಕಾಗದದಲ್ಲಿ ಇಲ್ಲದ್ದು ಕೈಗಳಲ್ಲಿದೆ. ತೆಳು ತಗಡನ್ನು ಮರದ ಅಚ್ಚಿನ ಮೇಲೆ ಬಡಿದು ಬಾಗಿಸುವುದು, ಬಟ್ಟೆಯನ್ನು ಚೌಕಟ್ಟಿಗೆ ಹೊಲಿದು ಲೇಪದಿಂದ ಬಿಗಿಗೊಳಿಸುವುದು, ಸಿರಸ್ ಎಂಜಿನಿನ ಸದ್ದನ್ನು ಕೇಳಿಯೇ ದೋಷವನ್ನು ಗುರುತಿಸುವುದು, ಇವೆಲ್ಲ ಕೆಲಸದಲ್ಲಿ ಮಾತ್ರ ಕಲಿತ ವಿದ್ಯೆಗಳು. ಕನ್ನಡ, ತಮಿಳು, ತೆಲುಗು ಮಾತಾಡುವ ಕುಶಲಕರ್ಮಿಗಳು ಕಾರ್ಖಾನೆಯ ನೆಲದ ಮೇಲೆ ಇಂಗ್ಲಿಷ್ ಪದಗಳನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡು ಕಟ್ಟಿದ ವೃತ್ತಿಭಾಷೆಯೂ ಇದರೊಂದಿಗೇ ಇದೆ; ವೃತ್ತಿಪದಕೋಶಗಳನ್ನು ಸಿದ್ಧಪಡಿಸಿದ ನಮ್ಮ ಸಂಸ್ಥೆಗಳು ಕುಂಬಾರಿಕೆ, ನೇಯ್ಗೆ, ಬಡಗಿತನಗಳಿಗೆ ತೋರಿದ ಆಸ್ಥೆಯನ್ನು ಇದಕ್ಕೂ ತೋರಬಹುದು. 1953ರಲ್ಲಿ ಎಚ್.ಟಿ.-2ರ ಜೋಡಣೆಗೆ ಇಪ್ಪತ್ತರ ಹರೆಯದಲ್ಲಿ ಸೇರಿದವರು ಇಂದು ತೊಂಬತ್ತು ದಾಟಿದ್ದಾರೆ. ಪುಷ್ಪಕದ ರೆಕ್ಕೆಗೆ ಬಟ್ಟೆ ಹೊದಿಸಿದವರು ಅವರಿಗಿಂತ ಕೆಲವೇ ವರ್ಷ ಕಿರಿಯರು.